ತುಟಿಯಲ್ಲಿ ಎಣಿಸುತ್ತಿದ್ದ ರೆಫರಿ

ಲೋರ್ಕನ್ ಟಿಮನಿಗೆ ಲೋಕದಲ್ಲಿ ತಪ್ಪಿಲ್ಲದೆ ಬರುತ್ತಿದ್ದ ವಿದ್ಯೆ ಒಂದೇ, ನಾಲ್ಕರವರೆಗೆ ಎಣಿಸುವುದು. ಇದು ಆಗದವರ ಮಾತಲ್ಲ, ಅವನೇ ಹೇಳಿಕೊಳ್ಳುತ್ತಿದ್ದದ್ದು. ನಾಲ್ಕು ದಾಟಿದರೆ ಅವನ ಮೇಲೆ ಅವನಿಗೇ ಭರವಸೆ ಇರಲಿಲ್ಲ. ರೈತರ ಸಹಕಾರಿ ಅಂಗಡಿಯಲ್ಲಿ ಆರು ವರ್ಷದಿಂದ ಸಂಬಳಕ್ಕಿದ್ದ. ಏಳು ಮೂಟೆ ಕರುವಿನ ಹಿಂಡಿ ಕೇಳಿದವರ ಟ್ರೇಲರಿಗೆ ಎಂಟು ಹಾಕಿ ಕಳಿಸಿ, ಮ್ಯಾನೇಜರ್ ಬಾಯಲ್ಲಿ ಬೈಸಿಕೊಂಡದ್ದು ಎಷ್ಟು ಸಲ ಎಂಬುದನ್ನೂ ಅವನು ಎಣಿಸಿಟ್ಟಿರಲಿಲ್ಲ.

ಆದರೆ ಭಾನುವಾರ ಕಪ್ಪು ಅಂಗಿ, ಕಪ್ಪು ಚಡ್ಡಿ ತೊಟ್ಟು ಮೈದಾನಕ್ಕಿಳಿದರೆ ನಾಲ್ಕು ಸಾಕಾಗುತ್ತಿತ್ತು. ಗೇಲಿಕ್ ಫುಟ್ಬಾಲಿನಲ್ಲಿ ಚೆಂಡು ಕೈಯಲ್ಲಿ ಹಿಡಿದವನಿಗೆ ನಾಲ್ಕು ಹೆಜ್ಜೆ. ಅಷ್ಟರೊಳಗೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೆ ಕಾಲಿನ ತುದಿಗೆ ತಾಗಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು, ಇಲ್ಲವೆ ಬೇರೆಯವನಿಗೆ ದಾಟಿಸಬೇಕು. ಐದನೆಯ ಹೆಜ್ಜೆ ಬಿತ್ತೋ, ಸೀಟಿ. ಪುಸ್ತಕದಲ್ಲಿರುವುದು ಹೀಗೆ. ಮೈದಾನದಲ್ಲಿ ಮಾತ್ರ ರೆಫರಿಗಳು ಆರು ಏಳು ಹೆಜ್ಜೆಯವರೆಗೆ ಉದಾರವಾಗಿರುತ್ತಾರೆ. ಮಳೆ ಬಂದು ಎಲ್ಲರಿಗೂ ಮನೆಗೆ ಹೋಗುವ ಆತುರವಿದ್ದರೆ ಒಂಬತ್ತಾದರೂ ಕೇಳುವವರಿಲ್ಲ. ಲೋರ್ಕನ್ ಹಾಗಲ್ಲ. ಗುಡುಗು ಬಂದರೂ ಅವನದು ನಾಲ್ಕೇ. ಇಪ್ಪತ್ತೊಂದನೆಯ ವಯಸ್ಸಿಗೆ ಆಟ ಬಿಟ್ಟು ಸೀಟಿ ಹಿಡಿದಾಗ ಅವನ ಊರಿನ ತಂಡ ಅದೇ ವರ್ಷ ಮೊದಲ ಬಾರಿಗೆ ಒಂದು ಕಪ್ ಗೆದ್ದಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ.

ರೆಫರಿಯಾದವನು ಗೋಲಿನ ಕಂಬಗಳ ಬಳಿ ನಿಲ್ಲಲು ತನ್ನದೇ ನಾಲ್ವರು ಅಂಪೈರುಗಳನ್ನು ಕರೆದುಕೊಂಡು ಬರಬೇಕು. ಬಿಳಿ ಕೋಟು ತೊಟ್ಟು ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಬಯ್ಗುಳ ತಿನ್ನಲು ಪುಕ್ಕಟೆ ಯಾರು ಬರುತ್ತಾರೆ? ಮನೆಯವರೇ. ಲೋರ್ಕನ್ನನ ಕಾರಿನಲ್ಲಿ ಅವನ ಅಪ್ಪನ ತಂಗಿ ಅಟ್ರಾಕ್ಟಾ ಅತ್ತೆ, ಅವಳ ಗಂಡ ಮಲಾಕಿ ಮಾವ, ಮತ್ತು ಪಕ್ಕದ ಹೊಲದ ಇಬ್ಬರು ಅಣ್ಣತಮ್ಮಂದಿರು. ಈ ಅಣ್ಣತಮ್ಮಂದಿರು ಒಂದು ಬೇಲಿಯ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬ ಈ ಗೋಲಿಗೆ, ಒಬ್ಬ ಆ ಗೋಲಿಗೆ. ನಡುವೆ ನೂರಾನಲವತ್ತು ಮೀಟರ್ ಇದ್ದದ್ದರಿಂದ ಎಲ್ಲರಿಗೂ ಅನುಕೂಲವಾಗಿತ್ತು. ಕಾರಿನಲ್ಲಿ ಅವರಿಬ್ಬರ ನಡುವೆ ಮಲಾಕಿ ಮಾವ ಕೂರುತ್ತಿದ್ದ.

ಅಟ್ರಾಕ್ಟಾ ಅತ್ತೆಗೆ ಅರವತ್ತೆಂಟು. ಮೂವತ್ತೊಂದು ವರ್ಷದಿಂದ ಅಂಪೈರ್. ಮೊದಲು ಅಣ್ಣನಿಗೆ, ಅಂದರೆ ಲೋರ್ಕನ್ನನ ಅಪ್ಪನಿಗೆ. ಅವನು ತೀರಿಕೊಂಡ ಮೇಲೆ ಅಣ್ಣನ ಮಗನಿಗೆ. ದನದ ಹೊಲಗಳಂಥ ಮೈದಾನಗಳಲ್ಲೆಲ್ಲ ನಿಂತಿದ್ದಳು. ನಿಲ್ಲದೆ ಉಳಿದದ್ದು ಒಂದೇ ಕಡೆ: ಜಿಲ್ಲಾ ಮೈದಾನ, ಅಕ್ಟೋಬರಿನ ಫೈನಲ್. ಅವಳ ಅಣ್ಣನಿಗೆ ಆ ಪಂದ್ಯವನ್ನು ಯಾರೂ ಕೊಡಲಿಲ್ಲ. ಈಗ ಅವಳ ಎರಡೂ ಮಂಡಿಗಳನ್ನು ಬದಲಿಸುವುದಕ್ಕೆ ನವೆಂಬರಿನಲ್ಲಿ ದಿನ ಗೊತ್ತಾಗಿತ್ತು. ಆಮೇಲೆ ಕೋಟು ಬೀರುವಿಗೆ.

"ಈ ಸಲ ಆಗ್ದಿದ್ರೆ ಬಿಡು, ಆ ಕೋಟು ಹಾಕ್ಕೊಂಡು ಕೋಳಿಗೆ ಕಾಳು ಹಾಕ್ತೀನಿ" ಎಂದು ಅವಳು ನಗುತ್ತಲೇ ಹೇಳಿದ್ದಳು. ಅಷ್ಟು ಹೇಳಿ ಒಳಗೆ ಹೋಗಿ ಆ ಕೋಟಿಗೆ ಇಸ್ತ್ರಿ ಹಾಕಿದ್ದನ್ನು ಲೋರ್ಕನ್ ನೋಡಿದ್ದ.

ಈ ಸಲ ಆಗುವ ಸಂದರ್ಭವೂ ಇತ್ತು. ಡ್ರಮ್‌ಕೀಲ್ ಮತ್ತು ಅಹಗಾರ ತಂಡಗಳ ಸೆಮಿಫೈನಲ್ ಲೋರ್ಕನ್ನನಿಗೆ ಬಂದಿತ್ತು. ರೆಫರಿಗಳಿಗೆ ಅಂಕ ಹಾಕುವ ಕಾನ್‌ಫ್ರಿ ಮೇಷ್ಟ್ರು ಅವತ್ತು ಬಂದು ಕೂರುತ್ತಾರೆ. ಯಾರಿಗೆ ಹೆಚ್ಚು ಅಂಕವೋ ಅವರಿಗೆ ಫೈನಲ್, ಅವರ ಅಂಪೈರುಗಳಿಗೂ ಫೈನಲ್.

ಪಂದ್ಯಕ್ಕೆ ಮೂರು ದಿನವಿರುವಾಗ ಅಹಗಾರದ ತರಬೇತುದಾರ ಬಾರ್ಟ್ಲಿ ಗಿಲ್ರಾಯ್ ಅಂಗಡಿಗೆ ಬಂದ. ದನದ ವ್ಯಾಪಾರಿ. ಹಸುವಿನ ಹಲ್ಲು ನೋಡುವ ರೀತಿಯಲ್ಲೇ ಮನುಷ್ಯರ ಮುಖವನ್ನೂ ನೋಡುತ್ತಿದ್ದ. ಒಂದು ಜೊತೆ ರಬ್ಬರ್ ಬೂಟಿನೊಳಗೆ ಕೈ ಹಾಕಿ ತಡವುತ್ತ ನಿಂತ.

"ಹೇಗಿದೀಯಪ್ಪ ಲೋರ್ಕನ್? ಡ್ರಮ್‌ಕೀಲ್‌ನವ್ರು ನಿಂಗೆ ಅಂಗಿ ಹೊಲಿಸಿದ್ರಂತೆ?"

"ಯಾವ ಅಂಗಿ, ಬಾರ್ಟ್ಲಿ?"

"ಹದಿನಾರನೇ ನಂಬರಿಂದು. ಹದಿನೈದು ಜನ ಅವ್ರು, ಹದಿನಾರನೇವ್ನು ನೀನು ಅಂತ ಊರೆಲ್ಲ ಹೇಳ್ತಾರೆ."

ಲೋರ್ಕನ್ ಬೂಟಿನ ಅಳತೆ ಕೇಳಿದ. ಬಾರ್ಟ್ಲಿ ಇನ್ನೊಂದು ಬೂಟಿನೊಳಗೆ ಕೈ ಹಾಕಿದ.

"ನಮ್ಮದು ನೇರ ಆಟ ಕಣಪ್ಪ. ಚೆಂಡು ಸಿಕ್ತಾ, ಎತ್ತಿ ಒದಿ. ಮುಂದೆ ಮಾರ್ಟಿ ನಿಂತಿರ್ತಾನೆ, ಆರಡಿ ನಾಲ್ಕಂಗುಲ, ಮೇಲಿಂದ ಬಿದ್ದಿದ್ದನ್ನ ಹಿಡ್ಕೋತಾನೆ. ಹೆಜ್ಜೆ ಗಿಜ್ಜೆ ತಂಟೇನೇ ಇಲ್ಲ. ಅವ್ರು ನೋಡು, ಕೈಯಿಂದ ಕೈಗೆ, ಕೈಯಿಂದ ಕೈಗೆ, ಇಲಿ ಓಡಿದಂಗೆ ಓಡ್ತಾರೆ. ನೀನು ನಾಲ್ಕು ಎಣಿಸ್ತೀಯ, ಸರಿ. ಹಾಗಾದ್ರೆ ಅವ್ರಿಗಲ್ವಾ ತೊಂದ್ರೆ ಆಗ್ಬೇಕು? ಅವ್ರಿಗೆ ಒಂದು ಸೀಟಿ ಊದಿದ್ರೆ ನಮಗೆ ಹತ್ತು ಊದ್ತೀಯ. ಅದು ಹೆಂಗೆ?"

ಈ ಪ್ರಶ್ನೆ ಲೋರ್ಕನ್ನನ ತಲೆಯಲ್ಲೂ ಇತ್ತು. ನಾಲ್ಕೇ ಹೆಜ್ಜೆ ಎಂದು ಹಟ ಹಿಡಿಯುವ ರೆಫರಿ ಸಿಕ್ಕಿದರೆ ಓಡುವ ತಂಡ ಸಾಯಬೇಕು, ಒದೆಯುವ ತಂಡ ಬದುಕಬೇಕು. ಆದರೆ ಡ್ರಮ್‌ಕೀಲ್‌ನವರು ಅವನ ಪಂದ್ಯಗಳಲ್ಲಿ ನಾಲ್ಕನೆಯ ಹೆಜ್ಜೆಯನ್ನು ಪೂರ್ತಿ ಹಿಂಡಿಕೊಂಡು ಸರಿಯಾಗಿ ಅಲ್ಲೇ ಚೆಂಡು ಬಿಡುತ್ತಿದ್ದರು. ಅಹಗಾರದ ದಪ್ಪ ಹುಡುಗರು ಆಗ ಬಂದು ಗುದ್ದುವುದು ಚೆಂಡಿಲ್ಲದವನಿಗೆ. ಅದು ತಪ್ಪು, ಸೀಟಿ ಅಲ್ಲಿಗೆ. ಇದು ಶಿಸ್ತು ಎಂದು ಲೋರ್ಕನ್ ತಿಳಿದಿದ್ದ. ಅದರಲ್ಲೂ ಡ್ರಮ್‌ಕೀಲ್‌ನ ಹನ್ನೆರಡನೆಯ ನಂಬರಿನ ಸಣಕಲ ಕೀರನ್ ಎಂಬವನನ್ನು ಕಂಡರೆ ಅವನಿಗೆ ಒಂದು ಅಭಿಮಾನ. ಚೆಂಡನ್ನು ಮುಟ್ಟುತ್ತಲೇ ಇರಲಿಲ್ಲ, ಆದರೆ ಪಂದ್ಯ ಪೂರ್ತಿ ಲೋರ್ಕನ್ನನ ಪಕ್ಕದಲ್ಲೇ ಓಡುತ್ತ ಅವನ ಮುಖವನ್ನೇ ನೋಡುತ್ತಿದ್ದ. ರೆಫರಿಯನ್ನು ಇಷ್ಟು ಗೌರವಿಸುವ ಆಟಗಾರನೂ ಇದ್ದಾನಲ್ಲ ಎಂದು ಲೋರ್ಕನ್ ಒಂದೆರಡು ಸಲ ಮನೆಯಲ್ಲಿ ಹೇಳಿಕೊಂಡೂ ಇದ್ದ.

"ಹತ್ತನೇ ಅಳತೇದು ಕೊಡು" ಎಂದ ಬಾರ್ಟ್ಲಿ. ಹೋಗುವಾಗ, "ಮೇಷ್ಟ್ರು ಬರ್ತಾರಂತೆ. ಅವ್ರಿಗೂ ಕಣ್ಣಿದೆ" ಎಂದು ಸೇರಿಸಿದ.

ಭಾನುವಾರ ಕಾರಿನಲ್ಲಿ ಲೋರ್ಕನ್ ಈ ಮಾತನ್ನೆಲ್ಲ ಅತ್ತೆಗೆ ಹೇಳಿದ. ಅವಳು ಮಡಿಲ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚಿನ ಪೊಟ್ಟಣ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು.

"ಅವನು ಕೇಳಿದ್ದು ಸರಿಯಾಗೇ ಇದೆ" ಎಂದಳು.

"ಅತ್ತೆ, ನಾನು ಪಕ್ಷಪಾತ ಮಾಡ್ತೀನಿ ಅಂತೀಯಾ?"

"ನೀನಲ್ಲ ಕಣೋ. ನಿನ್ನ ಬಾಯಿ."

"ಬಾಯಿ?"

"ಎಣಿಸೋವಾಗ ತುಟಿ ಆಡತ್ತೆ. ಒಂದು, ಎರಡು, ಮೂರು. ಒಳ್ಳೆ ಪೂಜೆ ಮಾಡೋ ಪಾದ್ರಿ ಹಂಗೆ. ಆ ಹನ್ನೆರಡನೇ ನಂಬರ್ ಹುಡುಗ ನಿನ್ನ ಪಕ್ಕ ಯಾಕೆ ಓಡ್ತಾನೆ ಅಂದ್ಕೊಂಡೆ? ನಿನ್ನ ಚಂದ ನೋಡಕ್ಕಾ? ನಿನ್ನ ತುಟಿ ಮೂರಕ್ಕೆ ಬಂದ ತಕ್ಷಣ ಅವನು 'ಹಾಂ' ಅಂತಾನೆ. ಚೆಂಡು ಹಿಡ್ಕೊಂಡವ್ನು ಬಿಡ್ತಾನೆ."

ಲೋರ್ಕನ್ ಒಂದು ತಿರುವು ತಪ್ಪಿದ. ಹಿಂದಿನ ಸೀಟಿನಲ್ಲಿ ಮಲಾಕಿ ಮಾವ ಎಡಗಡೆಯ ತಮ್ಮನ ಮೇಲೆ ಬಿದ್ದು ಬಲಗಡೆಯ ಅಣ್ಣನ ಕ್ಷಮೆ ಕೇಳಿದ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಹೋದ ವರ್ಷದಿಂದ ಅನುಮಾನ. ಜುಲೈನಲ್ಲಿ ಗ್ಯಾರಂಟಿ ಆಯ್ತು."

"ಮತ್ತೆ ಹೇಳ್ಬೇಕಲ್ವಾ?"

"ಹೇಳಿದ್ರೆ ಎಣಿಸೋದೇ ಮರ್ತುಬಿಡ್ತೀಯ ಅಂತ ಸುಮ್ನಿದ್ದೆ. ನಿಮ್ಮಪ್ಪಂಗೆ ಹೇಳಿ ಹಾಗೇ ಆಯ್ತು. ಅವನಿಗೂ ಇದೇ ಚಾಳಿ. ಹೇಳಿದ ವಾರಾನೇ ಒಬ್ಬ ಹನ್ನೊಂದು ಹೆಜ್ಜೆ ಓಡಿ ಗೋಲು ಹೊಡ್ದ, ಇವನು ತುಟಿ ಬಿಗಿಹಿಡ್ಕೊಂಡು ನಿಂತಿದ್ದ."

ತನ್ನನ್ನು ಮೂರು ವರ್ಷ ಗೌರವದಿಂದ ನೋಡಿದ ಏಕೈಕ ಆಟಗಾರನೂ ಹೀಗೆ ಕೈಬಿಟ್ಟದ್ದನ್ನು ನುಂಗಿಕೊಳ್ಳಲು ಲೋರ್ಕನ್ನನಿಗೆ ಎರಡು ಮೈಲಿ ಬೇಕಾಯಿತು. ಮೈದಾನದ ಗೇಟಿನಲ್ಲಿ ಕಾರು ನಿಲ್ಲಿಸಿದಾಗ ಅತ್ತೆ ಕೋಟಿನ ಜೇಬಿನಿಂದ ಚ್ಯೂಯಿಂಗ್ ಗಮ್ ತೆಗೆದು ಅವನ ಕೈಗಿಟ್ಟಳು.

"ಇದನ್ನ ಅಗೀತಾ ಇರು. ಒಳಗೊಳಗೆ ಎಣಿಸ್ಕೋ. ಬಾಯಿ ಏನ್ಮಾಡ್ತಿದೆ ಅಂತ ಯಾರಿಗೂ ತಿಳಿಯಲ್ಲ."

ಉಪಾಯ ಅಷ್ಟೇ. ಆದರೆ ಅದರಿಂದ ಏನೇನಾಗಬಹುದು ಎಂದು ಇಬ್ಬರೂ ಯೋಚಿಸಿರಲಿಲ್ಲ.

ಆಟ ಶುರುವಾದ ಎರಡನೆಯ ನಿಮಿಷಕ್ಕೆ ಡ್ರಮ್‌ಕೀಲ್‌ನವನೊಬ್ಬ ಚೆಂಡು ಹಿಡಿದು ಹೊರಟ. ಕೀರನ್ ಎಂದಿನಂತೆ ಲೋರ್ಕನ್ನನ ಪಕ್ಕಕ್ಕೆ ಬಂದು ಮುಖ ನೋಡಿದ. ಲೋರ್ಕನ್ನನ ದವಡೆ ಮೆಲುಕು ಹಾಕುವ ಹಸುವಿನದರಂತೆ ಒಂದೇ ಸಮನೆ ಆಡುತ್ತಿತ್ತು. ಕೀರನ್ನನ ಕಣ್ಣು ಅಗಲವಾಯಿತು. "ಹಾಂ" ಎಂದ. ಮೊದಲ ಹೆಜ್ಜೆಗೇ ಚೆಂಡು ಕೈಬಿಟ್ಟು, ಅಲ್ಲಿ ತಮ್ಮವರು ಯಾರೂ ಇಲ್ಲದೆ ಅಹಗಾರದವನ ಎದೆಗೆ ಹೋಗಿ ಬಿತ್ತು. ಅವನು ಎತ್ತಿ ಒದ್ದ. ಮಾರ್ಟಿ ಮೇಲಿಂದ ಹಿಡಿದ. ಅಡ್ಡಕಂಬದ ಮೇಲಿಂದ ದಾಟಿಸಿ ಹೊಡೆದ. ಒಂದು ಅಂಕ, ಅತ್ತೆ ಬಿಳಿ ಬಾವುಟ ಎತ್ತಿದಳು.

ಮುಂದಿನ ಸಲ ಕೀರನ್ ಕಾದು ನೋಡಿದ. ಎಷ್ಟು ಕಾದರೂ ದವಡೆ ನಿಲ್ಲದ್ದರಿಂದ ಅವನು ಬಾಯಿ ಬಿಡಲೇ ಇಲ್ಲ. ಚೆಂಡು ಹಿಡಿದವನು "ಹಾಂ"ಗೆ ಕಾಯುತ್ತ ಏಳು ಹೆಜ್ಜೆ ಓಡಿದ. ಸೀಟಿ. ಅದರ ಮುಂದಿನ ಸಲ ಕೀರನ್ ಅಗಿತಕ್ಕೊಂದರಂತೆ "ಹಾಂ, ಹಾಂ, ಹಾಂ" ಎಂದು ಕೂಗತೊಡಗಿದ್ದರಿಂದ ಮೂವರು ಆಟಗಾರರು ಒಂದೇ ಚೆಂಡನ್ನು ಮೂರು ಕಡೆ ದಾಟಿಸಲು ಹೋದರು. ಮೂರು ವರ್ಷ ಇನ್ನೊಬ್ಬನ ತುಟಿಯನ್ನು ನಂಬಿ ಓಡಿದವರಿಗೆ ಸ್ವಂತ ಕಾಲು ಎಣಿಸಲು ಬರುತ್ತಿರಲಿಲ್ಲ.

ಅರ್ಧ ಆಟಕ್ಕೆ ಅಹಗಾರ ಏಳು ಅಂಕ ಮುಂದೆ. ಬಾರ್ಟ್ಲಿ ಗಿಲ್ರಾಯ್ ಗೆರೆಯ ಬಳಿ ನಿಂತು ಲೋರ್ಕನ್ನನಿಗೆ ಟೋಪಿ ಎತ್ತಿದ.

"ಒಳ್ಳೆ ಬೂಟು ಕೊಟ್ಟೆ ಕಣಪ್ಪ" ಎಂದ. ಕಾನ್‌ಫ್ರಿ ಮೇಷ್ಟ್ರು ಅದನ್ನು ಕೇಳಿಸಿಕೊಂಡು ಪುಸ್ತಕದಲ್ಲಿ ಏನೋ ಬರೆದದ್ದು ಲೋರ್ಕನ್ನನಿಗೆ ಕಂಡಿತು.

ಡ್ರಮ್‌ಕೀಲ್‌ನ ತರಬೇತುದಾರ ಡೆಕ್ಲನ್ ಶಾಲೆಯ ವ್ಯಾಯಾಮ ಶಿಕ್ಷಕ. ಕೀರನ್ನನ ಹೆಗಲು ಹಿಡಿದು ಅಲುಗಿಸುತ್ತಿದ್ದದ್ದು ಇಡೀ ಮೈದಾನಕ್ಕೆ ಕಾಣುತ್ತಿತ್ತು, ಕೇಳುತ್ತಲೂ ಇತ್ತು.

"ಏನಯ್ಯಾ ಹೇಳ್ತಿದ್ದಾನೆ ಅವನು?"

"ಏನೂ ಹೇಳ್ತಿಲ್ಲ ಸರ್. ತಿಂತಿದ್ದಾನೆ."

"ಏನ್ ತಿಂತಿದ್ದಾನೆ?"

"ನಮ್ಮನ್ನೇ ಇರ್ಬೇಕು ಸರ್."

ಡೆಕ್ಲನ್ ಅವನ ಹೆಗಲು ಬಿಟ್ಟ. ಆಮೇಲೆ, "ಹಾಗಾದ್ರೆ ಓಡೋದೇ ಬೇಡ. ಸಿಕ್ಕಿದ್ದನ್ನ ಸಿಕ್ಕಿದ ಕಡೆಯಿಂದ ಒದೀರಿ. ಅವ್ರ ಥರಾನೇ" ಎಂದ.

ಇತ್ತ ಬಾರ್ಟ್ಲಿಗೆ ಏಳು ಅಂಕದ ಅಮಲು ಏರಿತ್ತು. ರೆಫರಿ ಕೊನೆಗೂ ತಮ್ಮವನಾದ ಎಂದೇ ಅವನ ಲೆಕ್ಕಾಚಾರ. ರೆಫರಿಯೇ ತಮ್ಮವನಾದ ಮೇಲೆ ಚೆಂಡನ್ನು ಯಾಕೆ ಒದ್ದು ಕಳೆಯಬೇಕು? "ಇಟ್ಕೊಳ್ಳಿ, ಇಟ್ಕೊಂಡು ಓಡಿ. ಇವತ್ತು ನಮ್ಮನ್ನ ಯಾರೂ ಕೇಳಲ್ಲ" ಎಂದು ತನ್ನವರಿಗೆ ಹೇಳಿ ಕಳಿಸಿದ.

ಹೀಗೆ ಎರಡನೆಯ ಅರ್ಧದಲ್ಲಿ ಜಿಲ್ಲೆಯ ಜನ ಹಿಂದೆಂದೂ ಕಾಣದ್ದನ್ನು ಕಂಡರು. ಸಣಕಲರು ಆಕಾಶಕ್ಕೆ ಒದೆಯುತ್ತಿದ್ದರು, ದಪ್ಪನೆಯವರು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅಹಗಾರದ ಹುಡುಗರು ಹುಟ್ಟಿದಾಗಿನಿಂದ ಚೆಂಡು ಹಿಡಿದು ಮೂರಕ್ಕಿಂತ ಹೆಚ್ಚು ಹೆಜ್ಜೆ ಇಟ್ಟವರಲ್ಲ. ಈಗ ಆರು, ಎಂಟು, ಮಾರ್ಟಿಯಂತೂ ಒಂದು ಸಲ ಹತ್ತು ಹೆಜ್ಜೆ ಸಂತೋಷವಾಗಿ ಓಡಿದ. ಪ್ರತಿ ಸಲವೂ ಸೀಟಿ. ಮಾರ್ಟಿ ಚೆಂಡನ್ನು ಕೆಳಗಿಟ್ಟು ಕೇಳಿದ:

"ಯಾಕೆ?"

"ಹೆಜ್ಜೆ."

"ನಾನು ಎಣಿಸಿಲ್ಲ."

"ನಾನು ಎಣಿಸಿದೀನಿ."

ಡ್ರಮ್‌ಕೀಲ್‌ನವರ ಒದೆತಗಳೋ, ಗುರಿಯಿಲ್ಲದ್ದರಿಂದಲೇ ಎಲ್ಲಿ ಬೀಳುತ್ತವೆಂದು ಅಹಗಾರದವರಿಗೆ ತಿಳಿಯುತ್ತಿರಲಿಲ್ಲ. ಏಳು ಅಂಕ ಐದಾಯಿತು, ಮೂರಾಯಿತು, ಎರಡಾಯಿತು. ಎರಡೂ ಕಡೆಯವರು ಲೋರ್ಕನ್ನನನ್ನು ಬಯ್ಯುತ್ತಿದ್ದರು. ಮೊದಲ ಅರ್ಧಕ್ಕೂ ಎರಡನೆಯ ಅರ್ಧಕ್ಕೂ ಅವನು ಒಂದಿನಿತೂ ಬದಲಾಗಿರಲಿಲ್ಲ. ಬದಲಾದದ್ದು ಗಮ್ಮಿನ ರುಚಿ ಮಾತ್ರ.

ಕೊನೆಯ ನಿಮಿಷ. ಡ್ರಮ್‌ಕೀಲ್‌ಗೆ ಸಮಕ್ಕೆ ಎರಡು ಅಂಕ ಬೇಕು, ಬಲೆಗೆ ಬಿದ್ದರೆ ಮೂರು ಸಿಕ್ಕಿ ಗೆಲುವೇ. ಎತ್ತರಕ್ಕೆ ಹೋದ ಚೆಂಡಿಗೆ ನಾಲ್ಕು ಜನ ಒಟ್ಟಿಗೆ ಹಾರಿದರು. ಹಿಂದೆ ಸರಿದ ಮಾರ್ಟಿಯ ಬೆನ್ನು ನೇರವಾಗಿ ಲೋರ್ಕನ್ನನ ಎದೆಗೆ ಬಂದಿತು. ಆರಡಿ ನಾಲ್ಕಂಗುಲದ ಬೆನ್ನು. ಗಮ್ ಗಂಟಲಿಗೆ ಹೋಯಿತು.

ಕೆಮ್ಮುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಅವನು ತಲೆಯೆತ್ತಿದಾಗ ಚೆಂಡು ಉರುಳಿ ಬಂದು ಸಿಕ್ಕಿದ್ದು ಯಾರಿಗೆ? ಮೂರು ವರ್ಷದಿಂದ ಚೆಂಡನ್ನೇ ಮುಟ್ಟದ ಕೀರನ್ನನಿಗೆ. ಅವನು ಅದನ್ನು ಎತ್ತಿಕೊಂಡ. ಅಭ್ಯಾಸಬಲ, ತಿರುಗಿ ಲೋರ್ಕನ್ನನ ಬಾಯಿ ನೋಡಿದ. ಬಾಯಿ ಬಾವಿಯಂತೆ ತೆರೆದಿತ್ತು. ಅದಕ್ಕೆ ಯಾವ ಅರ್ಥವೂ ಹೊಳೆಯದೆ ಕೀರನ್ ಗೋಲಿನತ್ತ ಓಡಿದ.

ಎಷ್ಟು ಹೆಜ್ಜೆ? ಲೋರ್ಕನ್ನನಿಗೆ ಗೊತ್ತಿರಲಿಲ್ಲ. ಆರು ವರ್ಷದ ಸೀಟಿ ಕಾಲದಲ್ಲಿ ಮೊದಲ ಬಾರಿಗೆ ಅವನು ನಾಲ್ಕರವರೆಗೆ ಎಣಿಸಲಾರದೆ ಹೋದ. ಕೈ ಸೀಟಿಯನ್ನು ತುಟಿಗೆ ತಂದಿತು. ಊದಬೇಕೋ, ಬಿಡಬೇಕೋ?

ಆಗ ಅವನ ಕಣ್ಣು ಕೀರನ್ನನ ತಲೆಯ ಆಚೆಗೆ, ಗೋಲಿನ ಕಂಬದ ಕಡೆಗೆ ಹೋಯಿತು. ಇಸ್ತ್ರಿ ಹಾಕಿದ ಬಿಳಿ ಕೋಟಿನಲ್ಲಿ ಅಟ್ರಾಕ್ಟಾ ಅತ್ತೆ ನಿಂತಿದ್ದಳು. ಅವಳ ಕಣ್ಣು ಕೀರನ್ನನ ಕಾಲಿನ ಮೇಲಿತ್ತು. ಅವಳ ತುಟಿ ಆಡುತ್ತಿತ್ತು.

ಅಷ್ಟು ದೂರದಿಂದಲೂ ಓದಬಹುದಾಗಿತ್ತು, ಪೂಜೆ ಮಾಡುವ ಪಾದ್ರಿಯ ತುಟಿಯಂತೆ. ಎರಡು. ಮೂರು. ನಾಲ್ಕು. ಕೀರನ್ನನ ಕಾಲು ಚೆಂಡಿಗೆ ತಾಗಿತು. ತುಟಿ ಮುಚ್ಚಿತು.

ಲೋರ್ಕನ್ ಊದಲಿಲ್ಲ. ಚೆಂಡು ಬಲೆಯಲ್ಲಿ ಬಿತ್ತು. ಅತ್ತೆ ಬಗ್ಗಿ, ಮಂಡಿ ಹಿಡಿದುಕೊಂಡು, ಹಸಿರು ಬಾವುಟ ಎತ್ತಿ ಬೀಸಿದಳು. ಇನ್ನೊಂದು ತುದಿಯ ಗೋಲಿನ ಬಳಿಯಿದ್ದ ಮಲಾಕಿ ಮಾವ ಅದು ಗೋಲು ಎಂದು ಅವಳ ಬಾವುಟ ನೋಡಿ ತಿಳಿದುಕೊಂಡ.

ಬಟ್ಟೆ ಬದಲಿಸುವ ಕೋಣೆಗೆ ಕಾನ್‌ಫ್ರಿ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತರು. ನಲವತ್ತು ವರ್ಷ ಪಾಠ ಹೇಳಿದವರು. ಅವರು ಸುಮ್ಮನೆ ಕೂತರೇ ತಪ್ಪೊಪ್ಪಿಕೊಳ್ಳಬೇಕು ಅನ್ನಿಸುತ್ತಿತ್ತು.

"ಕೊನೇ ಗೋಲು. ಎಷ್ಟು ಹೆಜ್ಜೆ?"

"ನಾಲ್ಕು, ಮೇಷ್ಟ್ರೇ."

"ನಾನೂ ನಾಲ್ಕೇ ಎಣಿಸಿದೆ. ನೀನೇ ಎಣಿಸಿದ್ಯಾ?"

ಲೋರ್ಕನ್ ಬೂಟಿನ ದಾರ ಬಿಚ್ಚುತ್ತ ಕೂತ. ಸುಳ್ಳು ಹೇಳಿದರೆ ಅತ್ತೆಗೆ ಫೈನಲ್ ಸಿಗಬಹುದು. ಆದರೆ ಎಣಿಸಿದ್ದು ಅವಳು.

"ನಮ್ಮತ್ತೆ ಎಣಿಸಿದ್ರು" ಎಂದ.

ಮೇಷ್ಟ್ರು ತಲೆಯಾಡಿಸಿದರು. "ಕಂಡೆ. ನಿಮ್ಮಪ್ಪಂದೂ ಅದೇ ಬಾಯಿ. ಇವತ್ತು ಮೈದಾನದಲ್ಲಿ ಒಂದೂ ತಪ್ಪು ಮಾಡ್ದೇ ಇದ್ದಿದ್ದು ಒಬ್ಬರೇ, ಅದು ನೀನಲ್ಲ." ಪುಸ್ತಕ ಮುಚ್ಚಿದರು. "ಅದಿರ್ಲಿ, ಆಟ ಆಡಿಸೋವಾಗ ಗಮ್ ಅಗಿಯೋದು ಶೋಭೆ ಅಲ್ಲ ಕಣಯ್ಯ. ಎರಡು ಅಂಕ ಕಳೆದಿದೀನಿ."

ಲೋರ್ಕನ್ನನಿಗೆ ಬಂದದ್ದು ನೂರಕ್ಕೆ ಎಂಬತ್ತಮೂರು. ಎಂಬತ್ತನಾಲ್ಕು ಬಂದ ಇನ್ನೊಬ್ಬ ರೆಫರಿಗೆ ಫೈನಲ್ ಹೋಯಿತು. ಆ ವಾರವಿಡೀ ಅವನು ಅತ್ತೆಯ ಮನೆಯ ಕಡೆ ಹೋಗಲಿಲ್ಲ. ಅಂಗಡಿಗೆ ಬಾರ್ಟ್ಲಿ ಬಂದು, "ಬೂಟು ನೀರು ಸೋರತ್ತೆ, ವಾಪಸ್ ತಗೋ" ಎಂದಾಗ ತೆಗೆದುಕೊಂಡು ದುಡ್ಡು ವಾಪಸ್ ಕೊಟ್ಟ.

ಶುಕ್ರವಾರ ಸಂಜೆ ಅತ್ತೆಯೇ ಫೋನ್ ಮಾಡಿದಳು.

"ಭಾನುವಾರ ಕಾರು ಖಾಲಿ ಇದೆಯೇನೋ?"

"ಖಾಲಿ ಇದೆ ಅತ್ತೆ. ನಂಗೇನೂ ಪಂದ್ಯ ಇಲ್ಲ."

"ನಂಗಿದೆ. ಫೈನಲ್ ರೆಫರಿಯ ಒಬ್ಬ ಅಂಪೈರಿಗೆ ಸೊಂಟ ಹಿಡ್ಕೊಂಡಿದ್ಯಂತೆ. ಮೇಷ್ಟ್ರು ನನ್ನ ಹೆಸರು ಹೇಳಿದ್ರಂತೆ. ಹನ್ನೆರಡು ಗಂಟೆಗೆ ಬಾ, ತಡ ಮಾಡ್ಬೇಡ. ನಿಂಗೆ ಪುಕ್ಕಟೆ ಟಿಕೆಟ್ ಕೇಳಿದೆ, ಕೊಡಲ್ಲ ಅಂದ್ರು."

ಹೀಗಾಗಿ ಅಕ್ಟೋಬರಿನ ಆ ಭಾನುವಾರ ಲೋರ್ಕನ್ ಟಿಮನಿ ಹದಿನೈದು ಯೂರೋ ಕೊಟ್ಟು ಜಿಲ್ಲಾ ಮೈದಾನದ ಒಳಗೆ ಹೋದ, ಮಲಾಕಿ ಮಾವನನ್ನು ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತ. ಅವನ ಹಿಂದಿನ ಸಾಲಿನಲ್ಲಿದ್ದವರು ಮೊದಲ ನಿಮಿಷದಿಂದಲೇ ರೆಫರಿಯನ್ನು ಬಯ್ಯತೊಡಗಿದರು. ಬೇರೆಯವನಿಗೆ ಬೀಳುವ ಬಯ್ಗುಳ ಕಿವಿಗೆ ಇಷ್ಟು ಇಂಪಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೈದಾನದ ಆ ತುದಿಯಲ್ಲಿ, ಕಂಬದ ಪಕ್ಕ, ಹೊಸದಾಗಿ ಇಸ್ತ್ರಿಯಾದ ಬಿಳಿ ಕೋಟು ನಿಂತಿತ್ತು. ಒಬ್ಬ ಚೆಂಡು ಹಿಡಿದು ಗೋಲಿನತ್ತ ಓಡಿದ. ಲೋರ್ಕನ್ ಮಲಾಕಿ ಮಾವನ ಕೈಯಿಂದ ದುರ್ಬೀನು ಕಿತ್ತುಕೊಂಡು ಅತ್ತೆಯ ಮುಖಕ್ಕೆ ಹಿಡಿದ.

ಅವಳ ದವಡೆ ಒಂದೇ ಸಮನೆ, ಗಂಭೀರವಾಗಿ, ಗಮ್ ಅಗಿಯುತ್ತಿತ್ತು.